ಹಾಡಿನ ಮೇಲಣ ಹೆಸರು

ತನ್ನ ಮನೆಯೊಳಗೆ, ಪರರ ಕಣ್ಣಿಗೆ ಬೀಳದ ಎಡೆಯಲ್ಲಿ, ಒಂದು ಹಾಡಿನ ಮೇಲೆ ತನಗೆ ತೋರಿದ ಹೆಸರನ್ನು ಬರೆಯುವುದಕ್ಕೂ ತನಗೆ ಒಪ್ಪಿದ ಚಿತ್ರವನ್ನು ಅಂಟಿಸುವುದಕ್ಕೂ ಗೃಹಸ್ಥನಿಗೆ ಅಧಿಕಾರವುಂಟೆ? ಪ್ರಶ್ನೆಯು ಮೊದಲ ನೋಟಕ್ಕೆ ಅಲ್ಪವಾಗಿ ಕಾಣುವುದು. ಆದರೆ ಅಲ್ಪವಾದ ಪ್ರಶ್ನೆಯೊಳಗೂ ಒಮ್ಮೊಮ್ಮೆ ಧರ್ಮದ ಎಳೆಯೊಂದು ಸಿಕ್ಕಿಕೊಂಡಿರುವುದೆಂಬುದನ್ನು ಕಳೆದ ವರ್ಷ ನಾನು ನನ್ನ ಮನೆಯಲ್ಲಿಯೇ ಕಲಿತೆನು. ಕಲಿತುದನ್ನು ಈ ಪತ್ರಿಕೆಯ ವಾಚಕರ ಮುಂದೆ ಇಟ್ಟು, ಅವರ ವಿಚಾರಕ್ಕೆ ಬಿಡುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಳ್ಳೋಣ. ಎರಡು ವರ್ಷಗಳ ಹಿಂದೆ ನನ್ನ ಮಗನು ರಜೆಗೆಂದು ಬಂದವನು, ತಾನು ಬಳಸದೆ ಬಿಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ನಡುಮನೆಯ ಮೂಲೆಯಲ್ಲಿಟ್ಟು ಅದನ್ನು ಸಂಗೀತದ ಸರ್ವರನ್ನಾಗಿ ಮಾಡಿಕೊಟ್ಟನು. ಮನೆಯ ಹಾಡುಗಳೆಲ್ಲವೂ ಆ ಒಂದು ಪೆಟ್ಟಿಗೆಯಲ್ಲಿ ಇರುವುವು. ಜಗಲಿಯಲ್ಲಾಗಲಿ ದೇವರ ಕೋಣೆಯಲ್ಲಾಗಲಿ ಕುಳಿತು ಫೋನಿನ ಮೂಲಕ ಕೇಳಬಹುದು. ಜೆಲ್ಲಿಫಿನ್, ನ್ಯಾವಿಡ್ರೋಮ್ ಮೊದಲಾದ, ಹಣವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶಗಳು ಈ ಕೆಲಸಕ್ಕೆ ಉಂಟು. ಸರ್ವರಿಗೆ ಕಿವಿಯಿಲ್ಲ. ಅದು ಪ್ರತಿಯೊಂದು ಫೈಲಿನೊಳಗೆ ಬರೆದಿಟ್ಟಿರುವ ಟ್ಯಾಗು ಎಂಬ ಸಣ್ಣ ಚೀಟಿಯನ್ನು ಓದಿ, ಇದು ಇಂಥವರ ಹಾಡು, ಇಂಥ ಸಂಪುಟದ್ದು, ಇಂಥ ವರ್ಷದ್ದು ಎಂದು ವಿಂಗಡಿಸುತ್ತದೆ. ಆ ಚೀಟಿಯಲ್ಲಿ ಚಿತ್ರವನ್ನು ಇಡುವುದಕ್ಕೂ ಸ್ಥಳವಿದೆ. ಅಂಗಡಿಯಿಂದ ತಂದ ಹಾಡಿಗೆ ಚೀಟಿಯು ಮೊದಲೇ ಇರುವುದುಂಟು. ಮನೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಹಾಡಿಗೆ ಯಾವ ಚೀಟಿಯೂ ಇರುವುದಿಲ್ಲ, ಮನೆಯವರೇ ಬರೆಯಬೇಕು.

ಈ ಚೀಟಿಯ ಪೂರ್ವಕಥೆಯೂ ತಿಳಿಯತಕ್ಕದ್ದೇ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಎಂಪಿ3 ಫೈಲಿನ ಕೊನೆಗೆ 128 ಬೈಟುಗಳ ಒಂದು ಬಾಲವನ್ನು ಸೇರಿಸುವ ಕ್ರಮವನ್ನು ಕಂಡುಹಿಡಿದರು. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಹೆಚ್ಚುಕಡಿಮೆ ಇಷ್ಟೇ ಅದರ ವಿಸ್ತಾರ. ರಚಿಸಿದವರಿಗೆ ಅಲ್ಲಿ ಅಂಕಣವೇ ಇರಲಿಲ್ಲ. ನಮ್ಮ ಕನ್ನಡಕ್ಕಂತೂ ಅದು ತೀರ ಇಕ್ಕಟ್ಟಾದ ಮನೆ. ಈಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕಾಗುವುದರಿಂದ, ಮೂವತ್ತು ಬೈಟಿನೊಳಗೆ ‘ಪುರಂದರದಾಸರು’ ಎಂಬ ಒಂದು ಹೆಸರು ಕೂಡ ಪೂರ್ತಿಯಾಗಿ ಹಿಡಿಸಲಾರದು. 1998ರಿಂದ ಮುಂದೆ ಬಂದ ಎರಡನೆಯ ಕ್ರಮದಲ್ಲಿ ಈ ಇಕ್ಕಟ್ಟು ಹೋಯಿತು. ಸಾಹಿತ್ಯಕಾರರಿಗೊಂದು, ಸಂಗೀತ ಕೂಡಿಸಿದವರಿಗೊಂದು, ಹಾಡಿದವರಿಗೊಂದು ಎಂದು ಬೇರೆ ಬೇರೆ ಅಂಕಣಗಳು ಏರ್ಪಟ್ಟುವು. 2000ದಲ್ಲಿ ಬಂದ ಪರಿಷ್ಕಾರದಲ್ಲಿ ಯಾವ ವಾದ್ಯವನ್ನು ಯಾರು ನುಡಿಸಿದರೆಂಬುದನ್ನು ಜೋಡಿಜೋಡಿಯಾಗಿ ಬರೆಯುವುದಕ್ಕೂ ಎಡೆಯಾಯಿತು. ಆದುದರಿಂದ ‘ಸ್ಥಳವಿರಲಿಲ್ಲ, ಬರೆಯಲಿಲ್ಲ’ ಎಂಬ ಸಮಾಧಾನವು ಈಗ ಯಾರಿಗೂ ಸಲ್ಲದು.

ಇನ್ನು ಪ್ರಶ್ನೆಗೆ ಬರೋಣ. ಪೂರ್ವಪಕ್ಷವು ಹೀಗಿದೆ. ಮನೆಯ ಸರ್ವರು ಮನೆಯವರಿಗಾಗಿ ಇರುವುದು. ಅಲ್ಲಿ ಬರೆದ ಹೆಸರಿನಿಂದ ಯಾರಿಗೂ ಒಂದು ಕಾಸಿನ ಲಾಭವಿಲ್ಲ, ನಷ್ಟವೂ ಇಲ್ಲ. ಹೆಸರು ಬದಲಾದರೆ ನಾದವು ಬದಲಾಗುವುದಿಲ್ಲ. ಕಲ್ಯಾಣಿಯ ಮೇಲೆ ತೋಡಿಯೆಂದು ಬರೆದರೆ ಕಲ್ಯಾಣಿಯು ತೋಡಿಯಾದೀತೆ? ಸಹೃದಯನಿಗೆ ಬೇಕಾದುದು ರಸ, ನಾಮವಲ್ಲ. ಅದರಲ್ಲಿಯೂ ನಮ್ಮ ಹೆಂಗಸರು ಹಾಡಿಕೊಂಡು ಬಂದ ಹಸೆಯ ಹಾಡಿಗೂ ಆರತಿಯ ಹಾಡಿಗೂ ಕರ್ತೃವೇ ತಿಳಿಯದಿರುವಾಗ, ಹಾಡಿದ ಕಂಠ ಯಾರದಾದರೇನು? ಪ್ರೀತಿಯಿಂದ ಒಂದು ಹೆಸರನ್ನೂ ಒಂದು ಚಿತ್ರವನ್ನೂ ಇಟ್ಟುಕೊಂಡರೆ ತಪ್ಪೇನು? ಈ ವಾದವನ್ನು ಹಗುರಾಗಿ ತಳ್ಳುವಂತಿಲ್ಲ. ನಾನೂ ಬಹುದಿನ ಇದೇ ಪಕ್ಷದಲ್ಲಿದ್ದವನು.

ಆದರೆ ನಮ್ಮ ಹಿರಿಯರ ನಡವಳಿಕೆಯು ಈ ವಾದಕ್ಕೆ ಅನುಕೂಲವಾಗಿಲ್ಲ. ಪಾಠಶಾಲೆಯಲ್ಲಿ ನಾವು ಸೂಕ್ತವನ್ನು ಹೇಳಲು ತೊಡಗುವ ಮೊದಲು ಅದರ ಋಷಿ ಯಾರು, ಛಂದಸ್ಸು ಯಾವುದು, ದೇವತೆ ಯಾರು ಎಂಬುದನ್ನು ಹೇಳಿಯೇ ಮುಂದುವರಿಯಬೇಕಾಗಿತ್ತು. ಮರೆತರೆ ಗುರುಗಳು ಅಲ್ಲಿಗೇ ನಿಲ್ಲಿಸುವರು. ಕಾತ್ಯಾಯನರ ಸರ್ವಾನುಕ್ರಮಣಿಯು ಋಗ್ವೇದದ ಸೂಕ್ತ ಸೂಕ್ತಕ್ಕೂ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನು ಒಂದೇ ಕ್ರಮದಲ್ಲಿ ಕೊಡುತ್ತದೆ. ಈಗಿನವರು ಮೆಟಾಡೇಟಾ ಎನ್ನುವುದು ಇದಲ್ಲದೆ ಮತ್ತೇನು? ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ವೇದವು ಅಪೌರುಷೇಯ, ಅದಕ್ಕೆ ಕರ್ತೃವೇ ಇಲ್ಲ ಎನ್ನುವುದು ಮೀಮಾಂಸಕರ ಸಿದ್ಧಾಂತ. ಆದರೂ ಋಷಿಯ ಹೆಸರನ್ನು ಸಂಪ್ರದಾಯವು ಬಿಡಲಿಲ್ಲ. ಕರ್ತೃವಿಲ್ಲದ ವಾಕ್ಕಿಗೂ ಅದು ಯಾರ ಮೂಲಕ ನಮ್ಮವರೆಗೆ ಬಂದಿತೋ ಅವರ ಹೆಸರು ಉಂಟು, ಅದನ್ನು ಹೇಳುವುದು ಹೇಳುವವನ ಕರ್ತವ್ಯ ಎಂಬುದೇ ಇದರ ತಾತ್ಪರ್ಯವೆಂದು ನನಗೆ ತೋರುತ್ತದೆ. ಹಾಗಿರುವಾಗ, ಕರ್ತೃ ತಿಳಿಯದ ಆರತಿಯ ಹಾಡೆಂಬ ಕಾರಣಕ್ಕೆ ಅದನ್ನು ಹಾಡಿದ ಕಂಠದ ಹೆಸರನ್ನು ಬಿಡುವುದು ಹೇಗೆ ನ್ಯಾಯವಾದೀತು?

ಕನ್ನಡದ ಸಂಪ್ರದಾಯವೂ ಇದನ್ನೇ ಹೇಳುತ್ತದೆ. ವಚನಕಾರರೂ ಹರಿದಾಸರೂ ಅಂಕಿತವನ್ನು ಕೃತಿಯ ಒಡಲೊಳಗೇ ಇಟ್ಟರು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ಪುರಂದರವಿಠಲನೆಂದರೆ ಪುರಂದರದಾಸರು. ಇಟ್ಟದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಹೆಸರನ್ನು. ಆದರೂ ಗುರುತು ಅಳಿಯಲಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಎಷ್ಟೋ ಕೃತಿಗಳಲ್ಲಿ ರಾಗದ ಹೆಸರನ್ನೂ ಸಾಹಿತ್ಯದೊಳಗೆ ಹೆಣೆದಿದ್ದಾರೆ. ಹೊರಗಿನ ಚೀಟಿ ಹರಿದುಹೋಗಬಹುದು. ಒಳಗಿನ ಹೆಸರು ಹಾಡು ಇರುವವರೆಗೆ ಇರುವುದು.

ಇದಕ್ಕೆ ಈಚಿನ ನಿದರ್ಶನವೊಂದುಂಟು. 1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡರು. ಆ ಕಾಲದ ತಟ್ಟೆಗಳನ್ನು ಅಚ್ಚುಹಾಕುತ್ತಿದ್ದುದು ಜರ್ಮನಿಯ ಹಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಮುದ್ರಣ ಯಾರದೆಂಬುದು ತಿಳಿಯಬೇಕಲ್ಲವೆ? ಅದಕ್ಕಾಗಿ ಗೌಹರ್ ಜಾನ್ ಹಾಡು ಮುಗಿದೊಡನೆ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮುಂದೆ 1928ರಲ್ಲಿ ಅವರು ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ತಟ್ಟೆಯ ನಡುವಣ ಕಾಗದದ ಬಿಲ್ಲೆ ಎಲ್ಲೆಲ್ಲಿ ಅಳಿಸಿದೆಯೋ ಅಲ್ಲೆಲ್ಲ ಆ ದನಿ ಇಂದಿಗೂ ತನ್ನ ಹೆಸರನ್ನು ತಾನೇ ಹೇಳುತ್ತಿದೆ. ಇದನ್ನು ನಾನು ಬಹಳ ಹಿಂದೆಯೇ ಓದಿ ಬಲ್ಲೆನು, ತರಗತಿಯಲ್ಲಿ ಮಕ್ಕಳಿಗೂ ಹೇಳಿದ್ದೆನು. ಬಲ್ಲವನಾಗಿದ್ದೂ ನಾನು ಮಾಡಿದ ತಪ್ಪು ಎಂಥದೆಂಬುದನ್ನು ಇನ್ನು ಹೇಳಬೇಕು.

ನನ್ನ ಗೃಹಿಣಿಯು ತೀರಿಕೊಂಡದ್ದು 2014ರಲ್ಲಿ. ಅವಳು ಇಟ್ಟಿದ್ದ ಒಂದು ಟ್ರಂಕಿನಲ್ಲಿ ಕ್ಯಾಸೆಟ್ಟುಗಳಿದ್ದುವು. ಅವುಗಳಲ್ಲಿ ಒಂದು, 1991ರ ನವರಾತ್ರಿಯಲ್ಲಿ ನಮ್ಮ ಜಗಲಿಯ ಮೇಲೆ ಕುಳಿತು ಹೆಂಗಸರು ಹೇಳಿದ ಆರತಿಯ ಹಾಡುಗಳದ್ದು. ಆ ದಿನ ನಾನು ಊರಿನಲ್ಲಿರಲಿಲ್ಲ. ಕ್ಯಾಸೆಟ್ಟಿನ ಕಾಗದದ ಮೇಲೆ ಅವಳ ಕೈಬರಹದಲ್ಲಿ ಹಾಡುಗಳ ಮೊದಲ ಪದಗಳೂ ತಾರೀಖೂ ಇದ್ದುವು. ಹಾಡಿದವರ ಹೆಸರುಗಳಿರಲಿಲ್ಲ. ಬರೆದವಳಿಗೆ ಗೊತ್ತಿದ್ದುದರಿಂದ ಅದು ಅವಳಿಗೆ ಬೇಕಾಗಿರಲಿಲ್ಲ. ತಿಳಿದವರು ಬರೆಯುವುದಿಲ್ಲ, ತಿಳಿಯದವರಿಗೆ ಬರೆಯಲು ಬಾರದು. ಲೋಕದಲ್ಲಿ ಹೆಸರುಗಳು ಅಳಿದುಹೋಗುವುದು ಬಹುಮಟ್ಟಿಗೆ ಈ ರೀತಿಯಿಂದಲೇ.

ಮಗನು ಕಲಿಸಿದಂತೆ ನಾನು ಅವನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಂಡೆನು. ಹಾಡು ಮುಗಿದ ಮೇಲೆ ಉಳಿಯುತ್ತಿದ್ದ ಮಾತುಕತೆ, ಬಳೆಯ ಸದ್ದು, ಕೆಮ್ಮು ಇವನ್ನು ಗದ್ದಲವೆಂದೆಣಿಸಿ ಕತ್ತರಿಸಿದೆನು. ಆ ಮೇಲೆ ಚೀಟಿಯನ್ನು ಬರೆಯಲು ಕುಳಿತು, ಎಲ್ಲ ಹಾಡುಗಳಲ್ಲಿಯೂ ‘ಹಾಡಿದವರು’ ಎಂಬ ಅಂಕಣದಲ್ಲಿ ನನ್ನ ಗೃಹಿಣಿಯ ಹೆಸರನ್ನು ಬರೆದೆನು. ಚಿತ್ರದ ಅಂಕಣದಲ್ಲಿ ನಮ್ಮ ಮದುವೆಯ ವರ್ಷ ತೆಗೆಸಿದ ಅವಳ ಚಿತ್ರವನ್ನು ಇಟ್ಟೆನು. ಅವುಗಳಲ್ಲಿ ಗೌರಿಯ ಹಾಡೊಂದನ್ನು ಸಂಜೆ ದೀಪ ಹಚ್ಚಿದ ಮೇಲೆ ಪ್ರತಿದಿನವೂ ಕೇಳುವುದು ನನಗೆ ನಿತ್ಯಕರ್ಮದಂತೆ ಆಯಿತು. ಕೇಳುವಾಗ ಕಣ್ಣು ಒದ್ದೆಯಾಗುತ್ತಿದ್ದುದನ್ನು ಮುಚ್ಚಿಡುವುದೇಕೆ?

ಕಳೆದ ವರ್ಷ ಕಾರ್ತಿಕದಲ್ಲಿ, ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಒಬ್ಬ ತಾಯಿಯ ಮಗಳು ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಳು. ಆ ತಾಯಿ ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ನಾಲ್ಕು ಮನೆಗಳಲ್ಲಿ ಅಡಿಗೆಗೆ ನಿಂತು ಮಗಳನ್ನು ಓದಿಸಿದವರು, 2003ರಲ್ಲಿ ತೀರಿಕೊಂಡರು. ಮಗಳು ಬಂದ ಹೊತ್ತಿಗೆ ದೀಪ ಹಚ್ಚಿಯಾಗಿತ್ತು, ಹಾಡು ನಡೆಯುತ್ತಿತ್ತು. ಕುಂಕುಮದ ಬಟ್ಟಲನ್ನು ಹಿಡಿದುಕೊಂಡೇ ಅವಳು ನಿಂತುಬಿಟ್ಟಳು.

“ಮೇಷ್ಟ್ರೇ, ಇದು ನಮ್ಮಮ್ಮನ ದನಿ ಅಲ್ಲವೇ?” ಎಂದಳು.

“ಇಲ್ಲಮ್ಮ, ಇದು ನಮ್ಮ ಮನೆಯಾಕೆ ಹೇಳಿದ್ದು. ನೋಡು, ಹೆಸರೂ ಇದೆ, ಚಿತ್ರವೂ ಇದೆ” ಎಂದು ಫೋನನ್ನು ತೋರಿಸಿದೆನು.

ಅವಳು ವಾದಿಸಲಿಲ್ಲ. “ಹಾಗಾದರೆ ನನಗೇ ಹಾಗೆ ಕೇಳಿಸಿತೇನೋ” ಎಂದು ಹೇಳಿ, ಹಾಡು ಮುಗಿಯುವವರೆಗೆ ನಿಂತಿದ್ದು, ಅಕ್ಷತೆ ಕೊಟ್ಟು ಹೊರಟಳು. ಬಾಗಿಲಲ್ಲಿ ಹಿಂದಿರುಗಿ, “ಕೊನೆಯ ನುಡಿಯ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳಿತಲ್ಲ ಮೇಷ್ಟ್ರೇ, ಅಮ್ಮ ನನ್ನನ್ನು ಮಲಗಿಸುವಾಗಲೂ ಹಾಗೆಯೇ ಎಳೆದುಕೊಳ್ಳುತ್ತಿದ್ದಳು” ಎಂದಳು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಎದ್ದು ಟ್ರಂಕಿನಿಂದ ಮೂಲ ಕ್ಯಾಸೆಟ್ಟನ್ನು ತೆಗೆದು, ನಾನು ಕತ್ತರಿಸಿದ್ದ ಬಾಲವನ್ನು ಕೇಳಿದೆನು. ಹಾಡು ಮುಗಿದು, ಬಳೆ ಸದ್ದಾಗಿ, ಸ್ವಲ್ಪ ದೂರದಿಂದ ನನ್ನ ಗೃಹಿಣಿಯ ದನಿ ಬಂದಿತು. ಆ ದನಿಯನ್ನು ಕೇಳಿದೊಡನೆ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. “ಅಕ್ಕಾ, ಎಷ್ಟು ಚೆನ್ನಾಗಿ ಹೇಳಿದಿರಿ. ಇನ್ನೊಂದು ಹೇಳಿ” ಎಂದು, ಆ ತಾಯಿಯ ಹೆಸರನ್ನು ಹಿಡಿದು ಅವಳು ಕರೆಯುತ್ತಿದ್ದಳು.

ಗೌಹರ್ ಜಾನ್ ಹಾಡಿನ ಕೊನೆಗೆ ಹೆಸರನ್ನು ಹೇಳಿಕೊಂಡಂತೆ, ಇಲ್ಲಿಯೂ ಹಾಡಿನ ಕೊನೆಗೆ ಹೆಸರಿತ್ತು. ಅದನ್ನು ಗದ್ದಲವೆಂದು ಕತ್ತರಿಸಿದವನು ನಾನು. ಹಳೆಯ ಟೇಪು ಓಟವನ್ನು ಬದಲಿಸಿ ದನಿಯನ್ನು ಏರಿಸಿತ್ತೆಂಬುದು ನಿಜ. ಆದರೆ ಭ್ರಾಂತಿಗೆ ಮುಖ್ಯ ಕಾರಣ ಟೇಪಲ್ಲ, ನನ್ನ ಬಯಕೆ. ಬೆಳ್ಳಿ ಬೇಕೆಂದಿರುವವನಿಗೆ ಕಪ್ಪೆಯ ಚಿಪ್ಪು ಬೆಳ್ಳಿಯಾಗಿ ಕಾಣುವುದೆಂದು ಶಾಸ್ತ್ರದಲ್ಲಿ ಓದುವಾಗ, ಅದು ತರ್ಕದ ಉದಾಹರಣೆಯೆಂದು ಮಾತ್ರ ತಿಳಿದಿದ್ದೆನು.

ಈಗ ಪೂರ್ವಪಕ್ಷವನ್ನು ಮತ್ತೆ ಎತ್ತಿಕೊಳ್ಳೋಣ. ಹೆಸರು ಬದಲಾದರೆ ನಾದ ಬದಲಾಗುವುದಿಲ್ಲವೆಂಬುದು ದಿಟ. ಆ ಹಾಡು ನನಗೆ ಕೊಟ್ಟ ಸಮಾಧಾನವೂ ಸುಳ್ಳಲ್ಲ. ಚಿಪ್ಪನ್ನು ಬೆಳ್ಳಿಯೆಂದು ಕಂಡವನ ಹರ್ಷವು ಹರ್ಷವೇ. ಆದರೆ ಒಂದು ದನಿ ದಿನವೂ ನನಗೆ ಉಪಕಾರ ಮಾಡುತ್ತಿರುವಾಗ, ಆ ಉಪಕಾರವನ್ನು ನಾನು ಮತ್ತೊಬ್ಬರ ಲೆಕ್ಕಕ್ಕೆ ಬರೆದುಕೊಂಡೆನು. ಹೆಸರೆಂಬುದು ನಾದಕ್ಕೆ ನಾವು ಕೊಡುವ ಅಲಂಕಾರವಲ್ಲ; ನಾದದಿಂದ ಪಡೆದುಕೊಂಡುದಕ್ಕೆ ನಾವು ಸಲ್ಲಿಸಬೇಕಾದ ಋಣ. ಋಣವು ಮನೆಯೊಳಗೆ ಪಡೆದುದಾದರೂ ಋಣವೇ, ಯಾರೂ ನೋಡದಿದ್ದರೂ ಋಣವೇ. ಕೊಟ್ಟವರು ಸತ್ತುಹೋದ ಮಾತ್ರಕ್ಕೆ ಅದು ತೀರುವುದಿಲ್ಲ. ನಾಲ್ಕು ಮನೆಗಳ ಒಲೆಯ ಮುಂದೆ ಆಯುಷ್ಯವನ್ನು ಕಳೆದ ಆ ತಾಯಿಯಿಂದ ಲೋಕದಲ್ಲಿ ಉಳಿದಿರುವ ಶಬ್ದವು ಅದೊಂದೇ. ಅದರ ಮೇಲೂ ನಾನು ಬೇರೆಯ ಹೆಸರನ್ನು ಬರೆದಿದ್ದೆನು.

ಮನೆಯ ಲೆಕ್ಕವಾದುದರಿಂದ ಹೊಣೆ ಕಡಿಮೆಯೆಂಬುದೂ ವಿಚಾರಕ್ಕೆ ನಿಲ್ಲದು. ಪ್ರಕಟವಾದ ಹಾಡುಗಳ ವಿವರಗಳನ್ನು ಮ್ಯೂಸಿಕ್‌ಬ್ರೈನ್ಸ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಆಸಕ್ತರು ಸೇರಿ ಬರೆಯುತ್ತಾರೆ; ಪಿಕಾರ್ಡ್ ಎಂಬ ತಂತ್ರಾಂಶವು ಅಲ್ಲಿಂದ ಹೆಸರುಗಳನ್ನು ತಂದು ಫೈಲಿಗೆ ತುಂಬುತ್ತದೆ. ಅಲ್ಲಿ ಒಬ್ಬನು ತಪ್ಪಿದರೆ ತಿದ್ದುವವರು ಬೇರೆ ಇದ್ದಾರೆ. ನಮ್ಮ ಜಗಲಿಯ ಹಾಡಿನ ವಿಷಯದಲ್ಲಿ ತಪ್ಪಿದರೆ ತಿದ್ದುವವರು ಯಾರು? ಆ ಮಗಳು ಆ ಸಂಜೆ ಬಾರದೆ ಇದ್ದಿದ್ದರೆ, ನನ್ನ ಮೊಮ್ಮಕ್ಕಳು ನಾನು ಬರೆದುದನ್ನೇ ಪ್ರಮಾಣವೆಂದು ನಂಬುತ್ತಿದ್ದರು. ಆದುದರಿಂದ ಹೊರಗಿನ ಗ್ರಂಥಕ್ಕಿಂತ ಮನೆಯ ಚೀಟಿಯಲ್ಲಿಯೇ ಎಚ್ಚರವು ಹೆಚ್ಚಾಗಿ ಬೇಕು.

ಒಂದು ಹಾಡಿಗೆ ಒಬ್ಬನೇ ಒಡೆಯನೆಂಬ ಎಣಿಕೆಯೂ ಈ ತಪ್ಪಿನ ಬೇರುಗಳಲ್ಲಿ ಒಂದು. ಮಾತು ಧಾತು ಎರಡನ್ನೂ ರಚಿಸುವವನನ್ನು ನಮ್ಮ ಸಂಗೀತಶಾಸ್ತ್ರವು ವಾಗ್ಗೇಯಕಾರನೆಂದು ಕರೆಯಿತು. ಹಾಗೆ ಕರೆದುದರಿಂದಲೇ ಇವೆರಡೂ ಬೇರೆ ಬೇರೆಯವರ ಕೆಲಸವಾಗಿರಬಹುದೆಂಬುದು ಸ್ಪಷ್ಟ. ದಾಸರ ಪದಗಳನ್ನು ಇಂದು ಕಛೇರಿಯಲ್ಲಿ ಕೇಳುವ ಮಟ್ಟುಗಳಲ್ಲಿ ಅನೇಕವು ನಂತರದ ವಿದ್ವಾಂಸರು ಕೂಡಿಸಿದವು. ಗಮಕವನ್ನು ತೆಗೆದುಕೊಂಡರೆ ಕಾವ್ಯ ಕುಮಾರವ್ಯಾಸನದು, ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಮೂವರಲ್ಲಿ ಯಾರನ್ನು ‘ಕಲಾವಿದ’ ಎಂಬ ಒಂದೇ ಅಂಕಣದಲ್ಲಿ ಕೂರಿಸುವುದು? ಮೂವರಿಗೂ ಸ್ಥಳವನ್ನು ಹುಡುಕಬೇಕು. ಹುಡುಕಿದರೆ ಸ್ಥಳವುಂಟೆಂಬುದನ್ನು ಮೇಲೆಯೇ ಹೇಳಿದೆನು. ಪಕ್ಕವಾದ್ಯದವರ ಹೆಸರನ್ನು ಬರೆಯುವುದಕ್ಕೆ ಬೇಕಾಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದ ಆಲಸ್ಯದಿಂದ ಎಷ್ಟೋ ಮೃದಂಗಗಳು ಅನಾಥವಾಗಿವೆ.

ಚಿತ್ರದ ಮಾತು ಸ್ವಲ್ಪ ಬೇರೆ. ನಾಮದಲ್ಲಿ ಇಲ್ಲದ ಸ್ವಾತಂತ್ರ್ಯವು ರೂಪದಲ್ಲಿ ಉಂಟೆಂದು ನಾನು ಎಣಿಸುತ್ತೇನೆ. ಪುರಂದರದಾಸರದೆಂದು ನಾವು ಗೋಡೆಗೆ ಹಾಕಿಕೊಂಡಿರುವ ಚಿತ್ರವು ಚಿತ್ರಗಾರನ ಭಾವನೆಯಿಂದ ಹುಟ್ಟಿದುದು. ಅದರಿಂದ ಯಾರಿಗೂ ಮೋಸವಾಗಿಲ್ಲ, ಏಕೆಂದರೆ ಅದು ಭಾವನೆಯೆಂಬುದು ಎಲ್ಲರಿಗೂ ಗೊತ್ತು. ಈ ಟ್ಯಾಗುಗಳನ್ನು ಏರ್ಪಡಿಸಿದವರು ಚಿತ್ರಗಳಲ್ಲಿ 21 ಬಗೆಗಳನ್ನು ಹೇಳಿದ್ದಾರೆ: ಮುಖಪುಟ, ಹಿಂಪುಟ, ಗಾಯಕ, ರಚಯಿತ, ಮುದ್ರಣದ ಸ್ಥಳ ಇತ್ಯಾದಿ. ಅವುಗಳ ನಡುವೆ ‘ಬಣ್ಣದ ಹೊಳೆಯುವ ಮೀನು’ ಎಂಬುದೂ ಒಂದು ಬಗೆಯಾಗಿ ಸೇರಿದೆ! ವಿನೋದಕ್ಕಾಗಿ ಇಟ್ಟದ್ದಿರಬೇಕು. ರೂಪದ ವಿಷಯದಲ್ಲಿ ಮನುಷ್ಯನಿಗೆ ಇಷ್ಟು ಸಲಿಗೆ ಇರಲಿ. ಆದರೆ ಒಂದು ಕಟ್ಟುಂಟು: ಚಿತ್ರವು ನಾಮದ ಕೆಲಸವನ್ನು ಮಾಡಬಾರದು. ಹಾಡುತ್ತಿರುವವರು ಇವರೇ ಎಂದು ನಂಬಿಸುವಂತೆ ಮತ್ತೊಬ್ಬರ ಮುಖವನ್ನು ಇಟ್ಟರೆ, ಅದು ಬಣ್ಣದಲ್ಲಿ ಬರೆದ ಸುಳ್ಳು ಹೆಸರು.

ಮರುವಾರ ನಾನು ಆ ಮಗಳ ಮನೆಗೆ ಹೋಗಿ ನಡೆದುದನ್ನು ಹೇಳಿದೆನು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆ ಮೇಲೆ ಹಾಡನ್ನು ಅವಳ ಫೋನಿಗೆ ಹಾಕಿಕೊಟ್ಟು, ಚಿತ್ರಕ್ಕಾಗಿ ತಾಯಿಯ ಫೋಟೋ ಒಂದನ್ನು ಕೇಳಿದೆನು. ಪಡಿತರ ಚೀಟಿಗೆ ತೆಗೆಸಿದ, ಮುಖ ಮಾಸಿದ ಒಂದು ಫೋಟೋ ಬಿಟ್ಟರೆ ಬೇರೆ ಇರಲಿಲ್ಲ. “ಅದು ಬೇಡ ಮೇಷ್ಟ್ರೇ, ಅದರಲ್ಲಿ ಅಮ್ಮ ಹೆದರಿಕೊಂಡಿದ್ದಾಳೆ. ನಿಮ್ಮ ಜಗಲಿಯ ಚಿತ್ರ ಇಡಿ. ಅಲ್ಲಿ ಕೂತಾಗ ಅವಳಿಗೆ ಹೆದರಿಕೆ ಇರಲಿಲ್ಲ” ಎಂದಳು. ಹಾಗೆಯೇ ಮಾಡಿದೆನು. ಚಿತ್ರದ ಜೊತೆಯಲ್ಲಿ ವಿವರಣೆಗೆಂದು ಇರುವ ಅಂಕಣದಲ್ಲಿ, ‘ಇದು ಹಾಡಿದವರ ಚಿತ್ರವಲ್ಲ, ಅವರು ಕುಳಿತು ಹಾಡಿದ ಸ್ಥಳ’ ಎಂದು ಬರೆದೆನು.

ಉಳಿದ ಹಾಡುಗಳನ್ನೂ ಮತ್ತೆ ಮೊದಲಿನಿಂದ ಕೇಳುತ್ತಿದ್ದೇನೆ. ನಮ್ಮ ಓಲೆಗರಿಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ತಾವು ಕಂಡಂತೆ ಬರೆದಿರುವುದಾಗಿಯೂ ತಪ್ಪಿದ್ದರೆ ದೂರಬಾರದೆಂದೂ ಬೇಡಿಕೊಳ್ಳುವ ವಾಡಿಕೆಯಿತ್ತು. ನನಗೆ ಆ ಬೇಡಿಕೆಯ ಹಕ್ಕಿಲ್ಲ, ಏಕೆಂದರೆ ನಾನು ಕಂಡಂತೆ ಬರೆಯಲಿಲ್ಲ, ಬಯಸಿದಂತೆ ಬರೆದೆನು. ಈಗ ದನಿ ಯಾರದೆಂದು ಸಾಕ್ಷಿಯಿಂದ ತಿಳಿದಿದ್ದರೆ ಹೆಸರನ್ನು ಬರೆಯುತ್ತೇನೆ. ಊಹೆಯಾದರೆ ಟಿಪ್ಪಣಿಯಲ್ಲಿ ಊಹೆಯೆಂದೇ ಬರೆಯುತ್ತೇನೆ. ತಿಳಿಯದಿದ್ದರೆ ‘ತಿಳಿಯದು’ ಎಂದು ಬರೆಯುತ್ತೇನೆ. ಖಾಲಿ ಬಿಡುವುದಕ್ಕಿಂತ ಅದು ಲೇಸು, ಏಕೆಂದರೆ ‘ತಿಳಿಯದು’ ಎಂಬುದನ್ನು ಓದಿದವನು ಬಲ್ಲವರನ್ನು ಕೇಳಬಹುದು. ಹೆಸರುಗಳನ್ನು ಸರ್ವರಿನ ಸ್ವಂತ ಪಟ್ಟಿಯಲ್ಲಿ ಮಾತ್ರ ಬರೆಯದೆ ಫೈಲಿನೊಳಗೇ ಬರೆಯುತ್ತಿದ್ದೇನೆ. ಪೆಟ್ಟಿಗೆ ಕೆಟ್ಟರೆ ಪಟ್ಟಿ ಹೋಗುವುದು. ಫೈಲಿನ ಪ್ರತಿ ಎಲ್ಲಿಗೆ ಹೋದರೂ ಹೆಸರು ಅಂಕಿತದಂತೆ ಜೊತೆಯಲ್ಲಿಯೇ ಹೋಗುವುದು. ಕತ್ತರಿಸಿದ್ದ ಬಾಲಗಳನ್ನೆಲ್ಲ ಮರಳಿ ಸೇರಿಸಿದ್ದೇನೆ.

ಆ ತಾಯಿಯ ಹೆಸರನ್ನು ಇಲ್ಲಿ ಅಚ್ಚುಮಾಡಬಾರದೆಂದು ಮಗಳ ಕೋರಿಕೆ, ಆದುದರಿಂದ ಬಿಟ್ಟಿದ್ದೇನೆ. ಇರಬೇಕಾದ ಕಡೆಯಲ್ಲಿ ಅದು ಇದೆ. ಗೌರಿಯ ಹಾಡನ್ನು ಸಂಜೆ ಈಗಲೂ ಕೇಳುತ್ತೇನೆ. ಹಾಡು ಮುಗಿದ ಮೇಲೆ ಬಳೆಯ ಸದ್ದು ಬರುತ್ತದೆ, ಅನಂತರ ನನ್ನ ಗೃಹಿಣಿಯು ‘ಅಕ್ಕಾ’ ಎಂದು ಕರೆಯುತ್ತಾಳೆ. ಕೇಳಬೇಕೆಂದು ನಾನು ಹಂಬಲಿಸಿದ ದನಿಯು ಇದ್ದುದು ನಾನು ಕತ್ತರಿಸಿ ಎಸೆದಿದ್ದ ಆ ತುಣುಕಿನಲ್ಲಿಯೇ.